ಸೇವಂತಿಗೆ ತೋಟದ ಬಲ್ಬು ಕೊತ್ತಂಬರಿಗೆ ಸಾಲುವುದಿಲ್ಲ

ಓದುಗರ ಪ್ರಶ್ನೆ: ನಾವು ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಮೂರನೇ ಮಹಡಿಯಲ್ಲಿದ್ದೇವೆ. ಅಡುಗೆಮನೆಯ ಪಕ್ಕದ ಯುಟಿಲಿಟಿ ಉತ್ತರಕ್ಕಿದೆ. ಎದುರಿಗೆ ಇನ್ನೊಂದು ಬ್ಲಾಕ್. ಅಲ್ಲಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ ರ್ಯಾಕ್ ಇಟ್ಟು ಕೊತ್ತಂಬರಿ, ಮೆಂತ್ಯ, ಪಾಲಕ್ ಹಾಕಿದ್ದೇನೆ. ಮೊಳಕೆ ಚೆನ್ನಾಗಿಯೇ ಬರುತ್ತದೆ. ವಾರದೊಳಗೆ ಸಣಕಲಾಗಿ ಉದ್ದ ಬೆಳೆದು ಮಲಗಿಬಿಡುತ್ತವೆ. ಆನ್‌ಲೈನಿನಲ್ಲಿ ‘1000 ವಾಟ್’ ಅಂತ ಬರೆದಿದ್ದ ನೇರಳೆ ಬಣ್ಣದ ಗ್ರೋ ಲೈಟ್ ತರಿಸಿ ಮೂರಡಿ ಮೇಲೆ ಕಟ್ಟಿದೆ. ಹೆಚ್ಚೇನೂ ವ್ಯತ್ಯಾಸ ಕಾಣಲಿಲ್ಲ. ನಮ್ಮ ಮಾವನವರು ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ಬೆಳೆಯುತ್ತಾರೆ. ತೋಟದಲ್ಲಿ ರಾತ್ರಿ ಸಣ್ಣ ಎಲ್‌ಇಡಿ ಬಲ್ಬು ಉರಿಸುತ್ತಾರೆ. ‘ಸುಮ್ನೆ ದುಡ್ಡು ಸುರಿಯಬೇಡಮ್ಮ, ಎರಡು ಒಂಬತ್ತು ವಾಟಿನ ಬಲ್ಬು ಹಾಕು ಸಾಕು’ ಅನ್ನುತ್ತಾರೆ. ಯಾರ ಮಾತು ಕೇಳಲಿ? ಯಾವ ಲೈಟು, ಎಷ್ಟು ಗಂಟೆ, ಕರೆಂಟ್ ಬಿಲ್ ಎಷ್ಟು ಏರುತ್ತದೆ? ಟೊಮೆಟೊ, ಮೆಣಸಿನಕಾಯಿ ಬರುತ್ತದೆಯೇ? ಮನೆಯಲ್ಲಿ ಚಿಕ್ಕ ಮಗು ಇದೆ, ನೇರಳೆ ಬೆಳಕು ಕಣ್ಣಿಗೆ ಕೆಟ್ಟದ್ದೇ?

ಉತ್ತರ:

ನಿಮ್ಮ ಮಾವನವರು ಹೇಳಿದ್ದು ಅವರ ತೋಟದ ಮಟ್ಟಿಗೆ ನೂರಕ್ಕೆ ನೂರು ಸರಿ. ನಿಮ್ಮ ರ್ಯಾಕಿಗೆ ಮಾತ್ರ ಅದು ಹೊಂದುವುದಿಲ್ಲ. ಎಲ್ಲಿ ತಪ್ಪುತ್ತದೆ ಅಂತ ಗೊತ್ತಾದರೆ ನಿಮ್ಮ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಕ್ಕಂತೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ರಾತ್ರಿ ಹೊತ್ತು ಸಾಲುಸಾಲು ಬಲ್ಬು ಉರಿಯುವ ಸೇವಂತಿಗೆ ತೋಟಗಳನ್ನು ಬಹಳ ಜನ ನೋಡಿರುತ್ತೀರಿ. ರಾತ್ರಿ ಉದ್ದ ಇದ್ದಾಗ ಹೂ ಬಿಡುವುದು ಸೇವಂತಿಗೆಯ ಸ್ವಭಾವ. ಗಿಡ ಚಿಕ್ಕದಿರುವಾಗಲೇ ಮೊಗ್ಗು ಬಂದರೆ ಇಳುವರಿ ಕಡಿಮೆ. ಅದಕ್ಕೇ ರಾತ್ರಿ ನಡುವೆ ಬೆಳಕು ಕೊಟ್ಟು, ರಾತ್ರಿ ಇನ್ನೂ ಉದ್ದವಾಗಿಲ್ಲ ಅಂತ ಗಿಡವನ್ನು ನಂಬಿಸುತ್ತಾರೆ. ಗಿಡ ಎತ್ತರಕ್ಕೆ ಬಂದ ಮೇಲೆ ಬಲ್ಬು ಆರಿಸಿದರೆ ಮೊಗ್ಗು ಕಟ್ಟುತ್ತದೆ. ಇದಕ್ಕೆ ಎಲೆಯ ಮೇಲೆ ಸುಮಾರು 100 ಲಕ್ಸ್ ಬೆಳಕು ಬಿದ್ದರೆ ಸಾಕು. ಲಕ್ಸ್ ಅಂದರೆ ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತದೆ ಅನ್ನುವ ಅಳತೆ. ನಮ್ಮ ಹಾಲ್‌ನಲ್ಲಿ ರಾತ್ರಿ ಒಂದು ಟ್ಯೂಬ್‌ಲೈಟ್ ಹಾಕಿದರೆ ಹೆಚ್ಚುಕಡಿಮೆ ಅಷ್ಟು ಬೆಳಕಿರುತ್ತದೆ. ಆ ಗಿಡಗಳ ಊಟ ಹಗಲಿನ ಬಿಸಿಲಲ್ಲೇ ಮುಗಿದಿರುತ್ತದೆ. ಬಲ್ಬು ಅಲ್ಲಿ ಸುದ್ದಿ ಮುಟ್ಟಿಸುತ್ತದೆ ಅಷ್ಟೇ, ಊಟ ಹಾಕುವುದಿಲ್ಲ.

ನಿಮ್ಮ ಕೊತ್ತಂಬರಿಗೆ ಬೇಕಾಗಿರುವುದು ಊಟ. ಎಲೆ ಬೆಳಕಿನಿಂದಲೇ ಸಕ್ಕರೆ ಮಾಡಿಕೊಳ್ಳಬೇಕು, ಅದರಿಂದಲೇ ಕಾಂಡ ದಪ್ಪವಾಗಬೇಕು. ಸೊಪ್ಪಿಗೆ ಬಿಳಿ ಎಲ್‌ಇಡಿ ಬೆಳಕಿನಲ್ಲಿ 10,000ದಿಂದ 15,000 ಲಕ್ಸ್, ಅದೂ ದಿನಕ್ಕೆ 12ರಿಂದ 14 ಗಂಟೆ ಬೇಕು. ಅಂದರೆ ಸೇವಂತಿಗೆ ತೋಟದ ಬಲ್ಬಿನ ನೂರು ಪಟ್ಟು. ಎರಡು ಒಂಬತ್ತು ವಾಟಿನ ಬಲ್ಬು ಎಲ್ಲಿಗೆ ಸಾಲುತ್ತದೆ ಹೇಳಿ.

‘ಆದರೆ ನಮ್ಮ ಯುಟಿಲಿಟಿಯಲ್ಲಿ ಹಗಲು ಬೆಳಕು ಚೆನ್ನಾಗಿದೆಯಲ್ಲ’ ಅಂತ ನಿಮಗೆ ಅನ್ನಿಸಬಹುದು. ನನ್ನನ್ನು ಮನೆಗೆ ಕರೆದವರೆಲ್ಲ ಹೇಳುವ ಮಾತೇ ಇದು. ಇಲ್ಲಿ ಮೋಸ ಮಾಡುವುದು ನಮ್ಮ ಕಣ್ಣು. ಬಯಲಿನ ನಡುಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್. ಉತ್ತರದ ಕಿಟಕಿಯ ಪಕ್ಕದಲ್ಲೇ ಅದು ಎರಡು-ಮೂರು ಸಾವಿರಕ್ಕೆ ಇಳಿದಿರುತ್ತದೆ. ಅಲ್ಲಿಂದ ಒಳಗೆ ನಾಲ್ಕು ಹೆಜ್ಜೆ ಇಟ್ಟರೆ ಕೆಲವು ನೂರು. ಕಣ್ಣು ತಾನಾಗಿಯೇ ಹೊಂದಿಕೊಳ್ಳುವುದರಿಂದ ನಮಗೆ ಇಷ್ಟು ದೊಡ್ಡ ಇಳಿತ ಗೊತ್ತೇ ಆಗುವುದಿಲ್ಲ. ಎಲೆಗೆ ಆ ಅನುಕೂಲ ಇಲ್ಲ. ಅದಕ್ಕೆ ಕಾಣುವ ಆಕಾಶ ಎಷ್ಟೋ ಅಷ್ಟೇ ಬೆಳಕು. ನಿಮ್ಮಲ್ಲಿ ಎದುರಿನ ಬ್ಲಾಕ್, ಮೇಲಿನ ಮನೆಯ ಚಜ್ಜಾ, ಗ್ರಿಲ್, ಅದರ ಮೇಲೆ ಪಾರಿವಾಳದ ನೆಟ್ ಬೇರೆ ಇರಬಹುದು. ಎಲ್ಲವೂ ಸ್ವಲ್ಪ ಸ್ವಲ್ಪ ಕಿತ್ತುಕೊಂಡಿರುತ್ತವೆ.

ಉತ್ತರದ ಬಾಲ್ಕನಿಗೆ ಬಿಸಿಲೇ ಬರುವುದಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ಇರುತ್ತಾನೆ. ನೆರಳಿಲ್ಲದ ದಿನ ಅಂತ ವರ್ಷಕ್ಕೆರಡು ಸಲ ಸುದ್ದಿ ಬರುತ್ತದಲ್ಲ, ಅವೆರಡರ ನಡುವಿನ ಕಾಲ. ಆದರೆ ಆಗಲೂ ಸೂರ್ಯ ನೆತ್ತಿಗೆ ಹತ್ತಿರವೇ ಇರುವುದರಿಂದ ಚಜ್ಜಾ ತಡೆದುಬಿಡುತ್ತದೆ. ಓರೆಯಾಗಿ ಬರಬೇಕಾದ ಬೆಳಗಿನ, ಸಂಜೆಯ ಬಿಸಿಲನ್ನು ಎದುರಿನ ಬ್ಲಾಕ್ ತಡೆಯುತ್ತದೆ. ಮೇಲೆ ಮಳೆಗಾಲದ ಮೋಡ. ಹಾಗಾಗಿ ಅದನ್ನು ನೆಚ್ಚಿಕೊಂಡು ಕೂರಬೇಡಿ.

ಲೈಟಿಗೆ ಕೈ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಮಲಗಿದ ಸಸಿಯೊಂದನ್ನು ಕಿತ್ತು, ಮಣ್ಣಿಗೆ ತಾಗುವ ಕುತ್ತಿಗೆಯ ಭಾಗ ನೋಡಿ. ಬಿಳಿಯಾಗಿ, ಉದ್ದವಾಗಿ, ಕಿಟಕಿಯ ಕಡೆ ವಾಲಿದ್ದು, ಬೆರಳಲ್ಲಿ ಒತ್ತಿದರೆ ಗಟ್ಟಿ ಇದ್ದರೆ ಬೆಳಕಿನ ಕೊರತೆ. ಅದೇ ಜಾಗ ಕಂದಾಗಿ, ನೀರು ತುಂಬಿದ ಹಾಗೆ ಮೆತ್ತಗಾಗಿ, ಚಿವುಟಿದಂತೆ ಸಣ್ಣಗಾಗಿದ್ದರೆ ಅದು ಶಿಲೀಂಧ್ರದಿಂದ ಬರುವ ಸಸಿ ಕೊಳೆ. ಅದಕ್ಕೆ ಯಾವ ಲೈಟೂ ಮದ್ದಲ್ಲ. ನೀರು ಕಡಿಮೆ ಮಾಡಬೇಕು, ಬೀಜ ತೆಳುವಾಗಿ ಚೆಲ್ಲಬೇಕು, ಗಾಳಿ ಆಡಬೇಕು. ಎಷ್ಟೋ ಮನೆಗಳಲ್ಲಿ ಎರಡೂ ಒಟ್ಟಿಗೇ ಇರುತ್ತವೆ. ಬೆಳಕು ಕಡಿಮೆ ಇದ್ದಾಗ ಗಿಡ ನೀರು ಕುಡಿಯುವುದೂ ಕಡಿಮೆ, ನಾವು ಮಾತ್ರ ದಿನಾ ಬೆಳಗ್ಗೆ ಒಂದು ಚೊಂಬು ಸುರಿಯುತ್ತಲೇ ಇರುತ್ತೇವೆ. ಸಣಕಲಾಗಿದೆ ಅಂತ ಗೊಬ್ಬರ ಹಾಕುವುದೂ ಬೇಡ, ಅದರಿಂದ ಇನ್ನಷ್ಟು ಮೆತ್ತಗೆ ಬೆಳೆಯುತ್ತದೆ. ಒಮ್ಮೆ ಉದ್ದವಾದ ಕಾಂಡ ಮತ್ತೆ ಗಿಡ್ಡವಾಗುವುದಿಲ್ಲ. ಈಗಿರುವ ಸಸಿಗಳನ್ನು ಉಳಿಸುವ ಸಾಹಸ ಬಿಟ್ಟು ಹೊಸದಾಗಿ ಬಿತ್ತಿ.

ಈಗ ನಿಮ್ಮ ನೇರಳೆ ಲೈಟಿನ ವಿಷಯ. ‘1000 ವಾಟ್’ ಅನ್ನುವುದು ಬರೀ ಡಬ್ಬದ ಮೇಲಿನ ಮಾತು. ಒಳಗೆ 100 ಚಿಪ್ ಇದ್ದು, ಒಂದೊಂದು ಚಿಪ್ಪೂ ಹೆಚ್ಚೆಂದರೆ 10 ವಾಟ್ ತಾಳುತ್ತದೆ ಅಂತ ಇದ್ದರೆ, ಎರಡನ್ನೂ ಗುಣಿಸಿ 1000 ಅಂತ ಅಚ್ಚು ಹಾಕುತ್ತಾರೆ. ನಿಜವಾಗಿ ಗೋಡೆಯಿಂದ ಎಳೆಯುವ ಕರೆಂಟು ಅದರ ಹತ್ತನೇ ಒಂದು ಭಾಗ ಇದ್ದರೆ ಹೆಚ್ಚು. ಪ್ಲಗ್ಗಿಗೂ ಲೈಟಿಗೂ ನಡುವೆ ಸಿಕ್ಕಿಸುವ ಚಿಕ್ಕ ವಾಟ್ ಮೀಟರ್ ಸಿಗುತ್ತದೆ. ಅದರಲ್ಲಿ ನೋಡಿದರೆ ಸತ್ಯ ಹೊರಬರುತ್ತದೆ. ಗ್ರೋ ಲೈಟ್ ಕೊಳ್ಳುವಾಗ ‘ನಿಜವಾಗಿ ಎಷ್ಟು ವಾಟ್ ಎಳೆಯುತ್ತದೆ’ ಅನ್ನುವುದೇ ಮೊದಲ ಪ್ರಶ್ನೆಯಾಗಿರಲಿ. ಅದಕ್ಕೆ ನೇರ ಉತ್ತರ ಬರೆಯದ ಮಾಲನ್ನು ಮುಟ್ಟಲೇಬೇಡಿ.

ಇನ್ನು ಬಣ್ಣ. ಗಿಡಕ್ಕೆ ಕೆಂಪು, ನೀಲಿ ಮಾತ್ರ ಬೇಕು, ಹಸಿರು ದಂಡ ಅನ್ನುವ ನಂಬಿಕೆ ಇನ್ನೂ ಜೋರಾಗಿದೆ. ಎಲೆಗೆ ಹಸಿರು ಬಣ್ಣ ಕೊಡುವ ಹರಿತ್ತನ್ನು ಬೇರ್ಪಡಿಸಿ ಪ್ರಯೋಗಶಾಲೆಯಲ್ಲಿ ಅಳೆದರೆ ಹಾಗೆ ಕಾಣುತ್ತದೆ, ನಿಜ. ಇಡೀ ಎಲೆಯ ಲೆಕ್ಕವೇ ಬೇರೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಮೆಕ್ರೀ ಎಂಬ ವಿಜ್ಞಾನಿ 1970ರ ದಶಕದ ಆರಂಭದಲ್ಲಿ 22 ಬೆಳೆಗಳ ಎಲೆಗಳನ್ನು ಒಂದೊಂದೇ ಬಣ್ಣದ ಬೆಳಕಿನಲ್ಲಿ ಪರೀಕ್ಷಿಸಿ, ಹಸಿರು ಬೆಳಕಿನಲ್ಲೂ ಆಹಾರ ತಯಾರಿ ಚೆನ್ನಾಗಿಯೇ ನಡೆಯುತ್ತದೆ ಅಂತ ತೋರಿಸಿದ್ದರು. ಎಲೆ ಹಸಿರಾಗಿ ಕಾಣುವುದು ಸ್ವಲ್ಪ ಹಸಿರು ವಾಪಸ್ ಬರುವುದರಿಂದ. ಬಹುಪಾಲನ್ನು ಅದು ನುಂಗಿಯೇ ಇರುತ್ತದೆ. ಹಾಗಾದರೆ ನೇರಳೆ ಲೈಟು ಯಾಕೆ ಬಂತು? ಎಲ್‌ಇಡಿ ದುಬಾರಿಯಾಗಿದ್ದ ಕಾಲದಲ್ಲಿ ಕಡಿಮೆ ಕರೆಂಟಿಗೆ ಹೆಚ್ಚು ಕೆಲಸ ಮಾಡುತ್ತಿದ್ದವು ಕೆಂಪು, ನೀಲಿ ಚಿಪ್‌ಗಳು. ಅಂದಿಗೆ ಅದು ಜಾಣತನ. ಇವತ್ತು ಬಿಳಿ ಎಲ್‌ಇಡಿ ಅಗ್ಗವಾಗಿದೆ, ಅದರಲ್ಲಿ ನೀಲಿ, ಹಸಿರು, ಕೆಂಪು ಮೂರೂ ಇವೆ.

ನೇರಳೆ ಬೆಳಕು ನನಗೆ ಹಿಡಿಸದಿರುವುದಕ್ಕೆ ಇನ್ನೊಂದು ಕಾರಣ ಇದೆ. ಅದರಡಿ ಗಿಡದ ಆರೋಗ್ಯ ಕಣ್ಣಿಗೆ ಕಾಣುವುದಿಲ್ಲ. ಹಳದಿಗೆ ತಿರುಗಿದ ಎಲೆ, ನುಸಿ ಹಿಡಿದ ಎಲೆ, ಚೆನ್ನಾಗಿರುವ ಎಲೆ, ಎಲ್ಲವೂ ಒಂದೇ ಥರ ಕಪ್ಪುಕಪ್ಪು. ರೋಗ ಗೊತ್ತಾಗುವ ಹೊತ್ತಿಗೆ ಟ್ರೇ ಪೂರ್ತಿ ಹೋಗಿರುತ್ತದೆ.

ಹಾಗಂತ ಅದನ್ನು ಎಸೆಯಬೇಡಿ. ನಿಮ್ಮ ದೊಡ್ಡ ತೊಂದರೆ ಇದ್ದದ್ದು ಮೂರಡಿ ಎತ್ತರದಲ್ಲಿ. ಚಿಕ್ಕ ಲೈಟನ್ನು ದೂರ ಒಯ್ದಷ್ಟೂ ಬೆಳಕು ಬಹಳ ಬೇಗ ಕರಗುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಒಂದಡಿಗೆ ಇಳಿಸಿ, ಬಿಳಿ ಲೈಟಿನ ಜೊತೆಗೆ ಹೆಚ್ಚುವರಿಯಾಗಿ ಇಟ್ಟುಕೊಳ್ಳಿ.

ಹಾಗಾದರೆ ಏನು ಹಾಕಬೇಕು? ನಾನಾಗಿದ್ದರೆ ನಿಮ್ಮ ರ್ಯಾಕಿಗೆ ನಾಲ್ಕು ಎಲ್‌ಇಡಿ ಬ್ಯಾಟನ್ ಹಾಕುತ್ತಿದ್ದೆ. ಯಾವುದೇ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ, ನಾಲ್ಕಡಿ ಉದ್ದದ, 20 ವಾಟಿನ ಬಿಳಿ ಪಟ್ಟಿ ಲೈಟು. ಗ್ರೋ ಲೈಟ್ ಅಂತ ಹೆಸರಿರಬೇಕಿಲ್ಲ. ಡಬ್ಬದ ಮೇಲೆ 2000 ಲ್ಯೂಮೆನ್ ಅಥವಾ ಅದಕ್ಕಿಂತ ಜಾಸ್ತಿ ಇರಲಿ. ಲೈಟು ಒಟ್ಟು ಎಷ್ಟು ಬೆಳಕು ಚೆಲ್ಲುತ್ತದೆ ಅನ್ನುವ ಅಂಕಿ ಅದು. ಲ್ಯೂಮೆನ್ ಬರೆದಿರದಿದ್ದರೆ ಬಿಡಿ. ಬಣ್ಣದ ಅಂಕಿ 4000 ಕೆಲ್ವಿನ್ ಆದರೂ ಸರಿ, ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ 6500 ಆದರೂ ಸರಿ. 6500ರಲ್ಲಿ ನೀಲಿ ಜಾಸ್ತಿ, ಗಿಡ ಗಿಡ್ಡವಾಗಿ ಗಟ್ಟಿಯಾಗಿ ಬರುತ್ತದೆ. ಸೊಪ್ಪಿಗೆ ಅದು ಒಳ್ಳೆಯದೇ. ಇದರ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಬಹಳ. ಎಷ್ಟು ಬೆಳಕು ಅನ್ನುವುದು ಮುಖ್ಯ, ಯಾವ ಬಣ್ಣ ಅನ್ನುವುದು ಆಮೇಲಿನ ಮಾತು.

ನಾಲ್ಕೇ ಯಾಕೆ ಅಂದರೆ ಲೆಕ್ಕ ಹೀಗಿದೆ. ನಾಲ್ಕು ಬ್ಯಾಟನ್ ಅಂದರೆ ಸುಮಾರು 8000 ಲ್ಯೂಮೆನ್. ನಿಮ್ಮ ರ್ಯಾಕಿನ ತಟ್ಟೆ ಆರು ಚದರ ಅಡಿ, ಅಂದರೆ ಚದರ ಮೀಟರಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಅಕ್ಕಪಕ್ಕ ಚೆಲ್ಲಿ ಹೋಗುವ ಬೆಳಕನ್ನು ಕಳೆದರೂ ಎಲೆಯ ಮೇಲೆ 10,000 ಲಕ್ಸ್ ದಾಟುತ್ತದೆ. ಎರಡೇ ಹಾಕಿದರೆ ಐದು ಸಾವಿರದ ಹತ್ತಿರ ನಿಲ್ಲುತ್ತದೆ. ಮೆಂತ್ಯ ಹೇಗೋ ಬರಬಹುದು, ಕೊತ್ತಂಬರಿ ಮತ್ತೆ ಮಲಗುತ್ತದೆ. ಎಲೆಯಿಂದ ಆರರಿಂದ ಒಂಬತ್ತು ಇಂಚು ಮೇಲೆ ಇರಲಿ. ಬ್ಯಾಟನ್ ಬಿಸಿ ಕಡಿಮೆ, ಅಷ್ಟು ಹತ್ತಿರ ಇದ್ದರೂ ಸುಡುವುದಿಲ್ಲ. ಗಿಡ ಬೆಳೆದಂತೆ ಮೇಲಕ್ಕೆ ಏರಿಸಬೇಕು. ಅದಕ್ಕೇ ಸ್ಲಾಟೆಡ್ ಆ್ಯಂಗಲ್ ರ್ಯಾಕ್ ಅನುಕೂಲ, ಚೈನ್ ಕೊಂಡಿಯನ್ನು ಒಂದೊಂದೇ ತೂತು ಮೇಲಕ್ಕೆ ಹಾಕಿಕೊಂಡು ಹೋಗಬಹುದು. ಮೂರು ಬದಿಗೆ ಬಿಳಿ ಥರ್ಮಾಕೋಲ್ ಅಥವಾ ಸನ್‌ಬೋರ್ಡ್ ನಿಲ್ಲಿಸಿದರೆ ಚೆಲ್ಲಿ ಹೋಗುವ ಬೆಳಕು ವಾಪಸ್ ಬರುತ್ತದೆ. ಲೈಟಿಗೆ ತಾಗದಂತೆ ನಿಲ್ಲಿಸಿ. ಅಲ್ಯೂಮಿನಿಯಂ ಫಾಯಿಲ್ ಬೇಡ. ಸುಕ್ಕು ಬಿದ್ದ ಫಾಯಿಲಿಗಿಂತ ಶುದ್ಧ ಬಿಳಿ ಬಣ್ಣವೇ ಬೆಳಕನ್ನು ಸಮನಾಗಿ ಹರಡುತ್ತದೆ.

ಅಳೆಯುವುದಕ್ಕೆ ಫೋನಿನ ಲಕ್ಸ್ ಆ್ಯಪ್ ಸಾಕೇ ಅಂತ ಕೇಳುತ್ತಾರೆ. ಪಕ್ಕಾ ಅಂಕಿ ಸಿಗುವುದಿಲ್ಲ, ಹೋಲಿಸಿ ನೋಡಲು ಪರವಾಗಿಲ್ಲ. ಎಲೆ ಇರುವ ಎತ್ತರದಲ್ಲಿ ಫೋನಿನ ಪರದೆ ಮೇಲ್ಮುಖವಾಗಿ ಇರಲಿ, ಸೆನ್ಸರ್ ಇರುವುದು ಸೆಲ್ಫಿ ಕ್ಯಾಮೆರಾದ ಹತ್ತಿರ. ತಟ್ಟೆಯ ನಡುವೆ ಒಂದು ಸಲ, ನಾಲ್ಕೂ ಮೂಲೆಯಲ್ಲಿ ಒಂದೊಂದು ಸಲ ನೋಡಿ. ಮೂಲೆಯಲ್ಲಿ ನಡುವಿನ ಅರ್ಧಕ್ಕಿಂತ ಕಡಿಮೆ ಇದ್ದರೆ ಬ್ಯಾಟನ್‌ಗಳನ್ನು ಇನ್ನಷ್ಟು ಅಗಲಕ್ಕೆ ಸರಿಸಿ. ನೇರಳೆ ಲೈಟನ್ನು ಮಾತ್ರ ಲಕ್ಸಿನಲ್ಲಿ ಅಳೆಯಬೇಡಿ. ಲಕ್ಸ್ ಅನ್ನುವುದು ಮನುಷ್ಯರ ಕಣ್ಣಿನ ಅಳತೆ, ಹಸಿರು-ಹಳದಿಗೆ ಹೆಚ್ಚು ಅಂಕ ಕೊಡುತ್ತದೆ. ನೇರಳೆಗೆ ಸುಮ್ಮಸುಮ್ಮನೆ ಕಡಿಮೆ ತೋರಿಸುತ್ತದೆ. ಗಿಡದ ಲೆಕ್ಕದ ಅಳತೆಗೆ ಮೈಕ್ರೋಮೋಲ್ ಅನ್ನುತ್ತಾರೆ, ಒಳ್ಳೆಯ ಗ್ರೋ ಲೈಟಿನ ಡಬ್ಬದ ಮೇಲೆ ಅದನ್ನೇ ಬರೆದಿರುತ್ತಾರೆ. ಬಿಳಿ ಎಲ್‌ಇಡಿಯಲ್ಲಿ ಸುಮಾರು 70 ಲಕ್ಸಿಗೆ ಒಂದು ಮೈಕ್ರೋಮೋಲ್ ಅಂತ ಹಿಡಿದರೆ ಮನೆಯ ಮಟ್ಟಿಗೆ ಸಾಕು.

ಗಂಟೆಯ ವಿಷಯದಲ್ಲಿ ‘ಜಾಸ್ತಿ ಕೊಟ್ಟಷ್ಟೂ ಒಳ್ಳೆಯದು’ ಅಂತ ರಾತ್ರಿಯಿಡೀ ಉರಿಸುವವರಿದ್ದಾರೆ. ಮೆಂತ್ಯ, ಪಾಲಕ್‌ಗೆ 14 ಗಂಟೆ ಸರಿ. ಕೊತ್ತಂಬರಿಯ ಸ್ವಭಾವ ಬೇರೆ. ಹಗಲು ಉದ್ದವಾದರೆ, ಸೆಕೆ ಜಾಸ್ತಿಯಾದರೆ ಬೇಗ ಹೂವಿನ ಕಾಂಡ ಎಬ್ಬಿಸಿಬಿಡುತ್ತದೆ, ಆಮೇಲೆ ಎಲೆ ಬರುವುದಿಲ್ಲ. ಸೇವಂತಿಗೆಗೆ ಪೂರ್ತಿ ಉಲ್ಟಾ. ನೋಡಿ, ನಿಮ್ಮ ಮಾವನವರ ಪಾಠ ಇಲ್ಲಿ ಕೆಲಸಕ್ಕೆ ಬಂತು. ಕೊತ್ತಂಬರಿಗೆ 12 ಗಂಟೆ ಕೊಡಿ, ಬೆಳಕು ಬೇಕಾದರೆ ಇನ್ನೆರಡು ಇಂಚು ಹತ್ತಿರ ತನ್ನಿ. ಒಂದೇ ರ್ಯಾಕಿನಲ್ಲಿ ಎಲ್ಲ ಇರುವುದಾದರೆ ಹದಿಮೂರಕ್ಕೆ ರಾಜಿ ಮಾಡಿಕೊಳ್ಳಿ. ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಇಶಾ ಕೊತ್ತಂಬರಿ ಬೀಜ ಸಿಕ್ಕರೆ ಹಾಕಿ. ಒಂದೇ ಸಲ ಕಿತ್ತು ಮುಗಿಸದೆ ಹಲವು ಸಲ ಕತ್ತರಿಸಿಕೊಳ್ಳಬಹುದಾದ ತಳಿ ಅದು. ಬೀಜ ಮೊಳೆತು ಮೇಲೆ ಬಂದ ದಿನವೇ ಲೈಟು ಶುರುವಾಗಬೇಕು, ಎರಡು ದಿನ ತಡವಾದರೂ ಕಾಂಡ ಎಳೆದುಕೊಂಡಿರುತ್ತದೆ.

ಆನ್-ಆಫ್ ಮಾಡುವ ಕೆಲಸ ಟೈಮರಿಗೆ ಬಿಡಿ. ಮುಳ್ಳು ತಿರುಗುವ ಹಳೇ ಥರದ ಟೈಮರ್ ಅಗ್ಗ, ಆದರೆ ಕರೆಂಟ್ ಹೋದಾಗೆಲ್ಲ ಅದೂ ನಿಲ್ಲುತ್ತದೆ. ನಮ್ಮೂರಿನ ಪವರ್ ಕಟ್‌ಗೆ ಅದು ವಾರದಲ್ಲಿ ಎರಡು ಗಂಟೆ ಹಿಂದೆ ಬಿದ್ದು, ಬೆಳಗಿನ ಆರು ಎಂಟಾಗಿರುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತೆಗೆದುಕೊಳ್ಳಿ.

ಬಿಲ್ ಲೆಕ್ಕ ಸುಲಭ. 80 ವಾಟ್, 14 ಗಂಟೆ ಅಂದರೆ ದಿನಕ್ಕೆ 1.1 ಯೂನಿಟ್, ತಿಂಗಳಿಗೆ ಸುಮಾರು 34. ತೆರಿಗೆ, ಸರ್‌ಚಾರ್ಜ್ ಎಲ್ಲ ಸೇರಿ ಯೂನಿಟ್ಟಿಗೆ ಏಳು ರೂಪಾಯಿ ಅಂತ ಹಿಡಿದರೆ 240 ರೂಪಾಯಿ. ನಿಮ್ಮ ಮನೆ ಗೃಹಜ್ಯೋತಿಯಲ್ಲಿದ್ದರೆ ಇಲ್ಲೊಂದು ಎಚ್ಚರ ಬೇಕು. ಹಳೆಯ ಬಳಕೆಯ ಸರಾಸರಿ ನೋಡಿ ನಿಮಗೆ ಇಷ್ಟು ಯೂನಿಟ್ ಅಂತ ನಿಗದಿಯಾಗಿರುತ್ತದೆ, ಅದನ್ನು ದಾಟಿದ್ದಕ್ಕೆ ದುಡ್ಡು ಕಟ್ಟಬೇಕು. ಒಟ್ಟು 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಈಗಾಗಲೇ 170-180ರಲ್ಲಿ ಓಡುತ್ತಿರುವ ಮನೆಗೆ ಈ 34 ಯೂನಿಟ್ ಬಹಳ ದುಬಾರಿ ಸೊಪ್ಪು. ಬಿಲ್ ತೆಗೆದು ನೋಡಿಯೇ ಮುಂದುವರಿಯಿರಿ.

ಟೊಮೆಟೊ ಆಸೆ ಬಿಡಿ. ಬರುವುದಿಲ್ಲ ಅಂತಲ್ಲ, ಲೆಕ್ಕ ಕೂಡುವುದಿಲ್ಲ. ಹಣ್ಣು ಕಟ್ಟುವ ಗಿಡಕ್ಕೆ ಸೊಪ್ಪಿನ ಎರಡು-ಮೂರು ಪಟ್ಟು ಬೆಳಕು ಬೇಕು. ಬ್ಯಾಟನ್ ಆಗ ಸಾಲದು. ಒಂದು ವಾಟಿಗೆ 2.5 ಮೈಕ್ರೋಮೋಲಿಗಿಂತ ಹೆಚ್ಚು ಕೊಡುವ, ನಿಜವಾಗಿಯೂ 100 ವಾಟ್ ಎಳೆಯುವ ಬೋರ್ಡ್ ಲೈಟ್ ಬೇಕು. ಬೆಲೆ ಸಾವಿರಗಳಲ್ಲಿ, ತಿಂಗಳಿಗೆ 40 ಯೂನಿಟ್ ಮೇಲ್ಪಟ್ಟು. ಇಷ್ಟು ಮಾಡಿ ಸಿಗುವುದು ಒಂದೆರಡು ಗಿಡದ ಹಣ್ಣು. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ದಾಟಿತ್ತಲ್ಲ, ಆ ರೇಟಿನಲ್ಲೂ ಅಂಗಡಿಯದೇ ಅಗ್ಗ. ಮೆಣಸಿನ ಗಿಡ ಒಂದನ್ನು ಆಸೆಗೆ ಇಟ್ಟುಕೊಳ್ಳುವುದಾದರೆ ಇಟ್ಟುಕೊಳ್ಳಿ. ಬೋರ್ಡ್ ಲೈಟ್ ಬಲವಾದದ್ದು, ಒಂದೂವರೆ ಅಡಿಗಿಂತ ಹತ್ತಿರ ತಂದರೆ ತುದಿ ಎಲೆ ಬಿಳಿಚಿಕೊಂಡು ಮೇಲಕ್ಕೆ ಮುದುಡಬಹುದು.

ಲೈಟೇ ಬೇಡ ಅನ್ನುವ ದಾರಿಯೂ ಇದೆ, ಅದನ್ನು ಜನ ಕಡೆಗಣಿಸುತ್ತಾರೆ. ಉತ್ತರದ ಯುಟಿಲಿಟಿಗೆ ಹೊಂದುವ ಗಿಡ ನಮ್ಮಲ್ಲೇ ಇವೆ. ವೀಳ್ಯದೆಲೆ ಬಳ್ಳಿ ಅಡಿಕೆ ತೋಟದ ನೆರಳಲ್ಲಿ ಬೆಳೆದದ್ದು, ಗ್ರಿಲ್ಲಿಗೆ ಹಬ್ಬಿಸಿದರೆ ಸಲೀಸಾಗಿ ಬರುತ್ತದೆ. ಒಂದೆಲಗಕ್ಕೆ ತೇವ ಇದ್ದರೆ ಆಯಿತು, ತಂಬುಳಿಗೆ ಸಾಕಾಗುವಷ್ಟು ಸಿಗುತ್ತದೆ. ದೊಡ್ಡಪತ್ರೆ ಕಿಟಕಿಯ ಅಂಚಿನಲ್ಲಿ ಒಂದು ಮಟ್ಟಕ್ಕೆ ತಡೆದುಕೊಳ್ಳುತ್ತದೆ. ಮೆಂತ್ಯ ಅಥವಾ ಸಾಸಿವೆಯನ್ನು ಒತ್ತಾಗಿ ಚೆಲ್ಲಿ ಎಂಟು-ಹತ್ತು ದಿನಕ್ಕೆ ಎಳೆಯದಾಗಿಯೇ ಕತ್ತರಿಸಿಕೊಂಡರೆ, ಹೆಚ್ಚಿನ ಊಟ ಬೀಜದೊಳಗೇ ಇರುವುದರಿಂದ ಒಂದೇ ಬ್ಯಾಟನ್ ಸಾಕಾಗುತ್ತದೆ. ಬಿಲ್ ನೋಡಿ ಹಿಂಜರಿಕೆ ಆದರೆ ಮೊದಲು ಇದನ್ನೇ ಮಾಡಿ.

ಮಗುವಿನ ಕಣ್ಣಿನ ಬಗ್ಗೆ ಕೇಳಿದ್ದೀರಿ. ಮಾಮೂಲಿ ಕೆಂಪು-ನೀಲಿ ಎಲ್‌ಇಡಿಯಲ್ಲಿ ಅತಿನೇರಳೆ ಕಿರಣದ ಭಯ ಇಲ್ಲ. ಆದರೆ ಹತ್ತಿರದಿಂದ ನೇರವಾಗಿ ದಿಟ್ಟಿಸುವುದು ಯಾರಿಗೂ ಒಳ್ಳೆಯದಲ್ಲ, ಮಕ್ಕಳಿಗಂತೂ ಅಲ್ಲವೇ ಅಲ್ಲ. ಮಗುವಿನ ಕಣ್ಣಿನ ಮಟ್ಟಕ್ಕಿಂತ ಮೇಲೆ ಕಟ್ಟಿ, ಮುಂದೆ ಒಂದು ಬಿಳಿ ಹಾಳೆ ಇಳಿಬಿಡಿ. ‘ಯುವಿ ಸಹಿತ’ ಅಂತ ಮಾರುವ ಲೈಟು ಮನೆಗೆ ತರಬೇಡಿ, ಸೊಪ್ಪಿಗೆ ಅದು ಬೇಕಾಗಿಯೇ ಇಲ್ಲ.

ನನಗೆ ಕಣ್ಣಿಗಿಂತ ಜಾಸ್ತಿ ಭಯ ಇರುವುದು ಶಾಕ್ ಬಗ್ಗೆ. ಯುಟಿಲಿಟಿಯಲ್ಲಿ ನೀರು, ವಾಷಿಂಗ್ ಮಷೀನ್, ಕಬ್ಬಿಣದ ರ್ಯಾಕ್, ಒದ್ದೆ ಕೈ ಎಲ್ಲ ಒಟ್ಟಿಗೇ ಇರುತ್ತವೆ. ಅಗ್ಗದ ಗ್ರೋ ಲೈಟಿನ ಲೋಹದ ಮೈಗೆ ಎಷ್ಟೋ ಸಲ ಅರ್ತ್ ವೈರ್ ಇರುವುದಿಲ್ಲ, ಇದ್ದರೂ ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿ ನಾವೇ ಅದನ್ನು ಕಿತ್ತುಹಾಕಿರುತ್ತೇವೆ. ಈಗ ನೇತುಹಾಕಿರುವ ಲೈಟಿನ ಮೈಗೆ ಟೆಸ್ಟರ್ ಮುಟ್ಟಿಸಿ ನೋಡಿ, ಮಿಣುಕಿದರೆ ಇವತ್ತೇ ಕಳಚಿ. ಮಿಣುಕದಿದ್ದರೂ ಅರ್ತ್ ಇದೆಯೇ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ತೋರಿಸಿಕೊಳ್ಳಿ. ಲೈಟು ಮೂರು ಪಿನ್ನಿನ, ಅರ್ತಿಂಗ್ ಇರುವ ಪಾಯಿಂಟಿನಲ್ಲೇ ಇರಲಿ, ರ್ಯಾಕಿನ ಕಬ್ಬಿಣಕ್ಕೂ ಅರ್ತ್ ಕೊಡಿಸಿ. ಆ ಲೈನಿಗೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಇದೆಯೇ ಅಂತ ಅವರನ್ನೇ ಕೇಳಿ, ಇಲ್ಲದಿದ್ದರೆ ಲೈಟಿಗಿಂತ ಮೊದಲು ಅದನ್ನು ಹಾಕಿಸಿ. ವೈರು ಪ್ಲಗ್ಗಿಗೆ ಹೋಗುವ ಮೊದಲು ಒಂದು ಸುತ್ತು ಕೆಳಕ್ಕೆ ಜೋತು ಬಿದ್ದು ಆಮೇಲೆ ಮೇಲಕ್ಕೆ ಏರಲಿ. ವೈರಿನ ಮೇಲೆ ಹರಿದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿನವರೆಗೆ ಹೋಗುವುದಿಲ್ಲ. ನೀರು ಹಾಕುವಾಗ ಸ್ವಿಚ್ ಆಫ್ ಮಾಡಿ.